ಪ್ರವಾಸಿಯೂ ಪುಟ್ಟ ಅಂಗಡಿಯೂ

(ಆಕಾಶವಾಣಿಯ ಕೃಪೆಯಿಂದ)

ಬೆಂಗಳೂರಿನ ಪಶ್ಚಿಮದಲ್ಲಿ, ಕೆಂಗೇರಿಯ ಉತ್ತರಕ್ಕೆ, ಜ್ಞಾನಭಾರತಿಯ ಮಗ್ಗುಲಲ್ಲಿ ಉಲ್ಲಾಳವೆಂಬ ಊರಿದೆ. ಹೆಸರು ಕೇಳಿದೊಡನೆ ರಾಣಿ ಅಬ್ಬಕ್ಕನ ಕಡಲತಡಿಯ ಉಳ್ಳಾಲವನ್ನು ನೆನೆಯುವವರೇ ಹೆಚ್ಚು. ಇದು ಅದಲ್ಲ. ಇದು ಕೆರೆಯೊಂದನ್ನು ನೆಚ್ಚಿಕೊಂಡಿದ್ದ ಹಳ್ಳಿ. ಈಗ ಮಹಾನಗರದ ಒಂದು ಭಾಗ. ಅಂಗಡಿಯ ಹಲಗೆಗಳ ಮೇಲೆ ಉಲ್ಲಾಳ, ಉಳ್ಳಾಲ, ಉಲ್ಲಾಳು ಎಂದು ಬರೆದವರ ಕೈಗೆ ಬಂದಂತೆ ಊರಿನ ಹೆಸರು ಬದಲಾಗುತ್ತದೆ. ನಿವೃತ್ತನಾದ ಮೇಲೆ ಸಂಜೆಯ ನಡಿಗೆಯಲ್ಲಿ ಈ ಹಲಗೆಗಳನ್ನು ಓದುವುದು ನನಗೊಂದು ಹವ್ಯಾಸವಾಗಿದೆ. ಈಚಿನ ವರ್ಷಗಳಲ್ಲಿ ಅವುಗಳಲ್ಲಿ ಒಂದು ಹೊಸ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ: ಬೊಟೀಕ್. ಹತ್ತಡಿ ಅಗಲದ ಮಳಿಗೆ. ಒಳಗೆ ಒಂದು ಹೊಲಿಗೆ ಯಂತ್ರ, ರವಿಕೆಯ ತೋಳಿಗೆ ಮಣಿ, ಜರಿ ಕೂರಿಸುವ ಆರಿ ಕಸೂತಿಯ ಚೌಕಟ್ಟು, ಅದರ ಮೇಲೆ ಬಾಗಿ ಕೆಲಸ ಮಾಡುತ್ತಿರುವ ಒಬ್ಬ ಹೆಣ್ಣುಮಗಳು. ಹಿಂದೆ ಇದನ್ನೇ ನಾವು ದರ್ಜಿಯಂಗಡಿ ಎನ್ನುತ್ತಿದ್ದೆವು.

ಬೊಟೀಕ್ ಎಂಬುದು ಫ್ರೆಂಚ್ ಮಾತು. ಫ್ರೆಂಚರಿಗೆ ಅದು ಲ್ಯಾಟಿನ್ನಿನಿಂದಲೂ ಲ್ಯಾಟಿನ್ನಿಗೆ ಗ್ರೀಕಿನಿಂದಲೂ ಬಂದದ್ದು; ಮೂಲದಲ್ಲಿ ಉಗ್ರಾಣವೆಂದೇ ಅರ್ಥ. ಅದೇ ಬೇರಿನಿಂದ ಇಂಗ್ಲಿಷಿನವರ ಅಪಾತಿಕರಿ, ಅಂದರೆ ಮೂಲಿಕೆ ಮಾರುವ ಮದ್ದಿನವನು, ಹುಟ್ಟಿದ್ದಾನೆ. ಈ ಸಂಗತಿಯನ್ನು ನೆನಪಿನಲ್ಲಿಡಿ. ಮುಂದೆ ಮೈಸೂರಿಗೆ ಹೋದಾಗ ಇದರ ಉಪಯೋಗವಿದೆ. ಈಗ ಅದು ದೊಡ್ಡ ವ್ಯಾಪಾರ ಸಂಸ್ಥೆಗಳ ಸಾಲಿಗೆ ಸೇರದೆ, ಒಬ್ಬರ ಅಭಿರುಚಿಯನ್ನೇ ಬಂಡವಾಳವಾಗಿಸಿಕೊಂಡ ಸಣ್ಣ ಅಂಗಡಿ ಎಂಬ ಅರ್ಥದಲ್ಲಿ ಸಲ್ಲುತ್ತಿದೆ. ಪ್ರವಾಸ ಹೋದವರು ಇಂಥ ಅಂಗಡಿಗಳನ್ನು ಹುಡುಕಿಕೊಂಡು ಅಲೆಯುವುದು ಇಂದಿನ ಒಂದು ಶೋಕಿ. ನಾನು ಅದನ್ನು ಹಗುರವಾಗಿ ಕಾಣುವವನಲ್ಲ. ಊರೊಂದರ ದೇವಾಲಯ, ಕೋಟೆ, ಕೆರೆಗಳನ್ನು ನೋಡಿ ಬಂದವನು ಆ ಊರಿನ ನಿನ್ನೆಯನ್ನು ನೋಡಿದಂತೆ. ಅಲ್ಲಿನ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತವನಿಗೆ ಊರಿನ ಇಂದೂ ಅಷ್ಟಿಷ್ಟು ಅರ್ಥವಾಗುತ್ತದೆ. ಆದರೆ ಎಲ್ಲ ಸಣ್ಣ ಅಂಗಡಿಗಳೂ ಈ ಮಾತಿಗೆ ಅರ್ಹವಲ್ಲ. ತಾನು ಮಾರುವ ವಸ್ತು ಎಲ್ಲಿ, ಯಾರ ಕೈಯಲ್ಲಿ, ಹೇಗೆ ಹುಟ್ಟಿತೆಂಬುದನ್ನು ಬಲ್ಲ ಅಂಗಡಿಯವನು ಅಲ್ಲಿ ಕುಳಿತಿರಬೇಕು. ಆ ವಸ್ತು ಪಕ್ಕದ ಊರಿನಲ್ಲಿ ಅದೇ ರೀತಿ ದೊರೆಯಬಾರದು. ಇವೆರಡೂ ಇರುವ ಅಂಗಡಿಯನ್ನು ನಾನು ತನ್ನತನದ ಅಂಗಡಿ ಎಂದು ಕರೆಯುತ್ತೇನೆ.

ಅಂಗಡಿ ಎಂಬ ಮಾತಾದರೋ ನಮ್ಮದೇ, ಬಹು ಹಳೆಯದು. ತಮಿಳು, ತೆಲುಗು, ಮಲೆಯಾಳ, ತುಳು ಎಲ್ಲವುಗಳಲ್ಲೂ ಇದೆ. ಹಳೆಯ ತಮಿಳು ಕಾವ್ಯಗಳು ಹಗಲಂಗಡಿ, ಇರುಳಂಗಡಿ ಎಂದು ಎರಡು ಬಗೆ ಹೇಳುತ್ತವೆ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿ ಕಡಲಾಚೆಗೂ ವ್ಯಾಪಾರ ನಡೆಸಿದರು. ಬೆಂಗಳೂರಿನ ಹಳೆಯ ಪೇಟೆಯಂತೂ ಕಸುಬುಗಳ ಒಂದು ನಿಘಂಟು: ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹನ್ನೆರಡನೆಯ ಶತಮಾನದ ಶರಣರನ್ನು ನೆನೆದರೆ ಕಸುಬೇ ಹೆಸರಿನ ಭಾಗವಾಗಿ ನಿಂತಿರುವುದನ್ನು ಕಾಣುತ್ತೇವೆ: ಮೇದರ ಕೇತಯ್ಯ, ನುಲಿಯ ಚಂದಯ್ಯ, ಸೂಜಿಕಾಯಕದ ರಾಮಿತಂದೆ. ಉಲ್ಲಾಳದ ನಮ್ಮ ದರ್ಜಿ ತಾಯಿ ಆ ರಾಮಿತಂದೆಯ ವಂಶದವಳೆಂದರೆ ತಪ್ಪಾಗದು. ಹಲಗೆಯ ಮೇಲೆ ಫ್ರೆಂಚ್ ಹೆಸರಿದ್ದರೇನಂತೆ.

ಇನ್ನು ದಾರಿಯ ಮಾತು. ಉಲ್ಲಾಳದಿಂದ ಕೆಂಗೇರಿಗೆ ಇಳಿದರೆ ಮೈಸೂರಿನ ಹಾದಿ. ತಲೆಮಾರುಗಳ ಕಾಲ ಈ ಹಾದಿ ಊರಿನಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಸಾಗುತ್ತಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಿನಲ್ಲಿ ವಡೆ, ಮಂಡ್ಯದಲ್ಲಿ ಬೆಲ್ಲ. ಬಸ್ಸು ನಿಲ್ಲಲಿ ಬಿಡಲಿ, ಊರಿನ ನಡುವೆ ನಿಧಾನವಾಗಿ ಹಾದುಹೋಗುವಾಗ ಕಿಟಕಿಯಿಂದ ಬಣ್ಣಬಣ್ಣದ ಮರದ ಕುದುರೆಗಳನ್ನು ಕಂಡ ಮಗು ಹಟ ಹಿಡಿಯುತ್ತಿತ್ತು. ಆ ಹಟದ ಮೇಲೆ ಎಷ್ಟೋ ಸಂಸಾರಗಳ ಅನ್ನ ನಿಂತಿತ್ತು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಉದ್ದ ಸುಮಾರು 118 ಕಿಲೋಮೀಟರು. ನಡುವೆ ಆರು ಪಥ, ಎರಡು ಬದಿಗೂ ಸೇವಾ ರಸ್ತೆ. ಮೂರು ಗಂಟೆಯ ಪಯಣ ಒಂದೂವರೆ ಗಂಟೆಗಿಳಿಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಊರುಗಳನ್ನೆಲ್ಲ ಬಳಸಿಕೊಂಡು ರಸ್ತೆ ಹೊರಗಿನಿಂದಲೇ ಹೋಗುತ್ತದೆ. ಹೆದ್ದಾರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆಸ್ಪತ್ರೆಗೆ ಧಾವಿಸುವವನಿಗೆ, ಹೂವು ತರಕಾರಿ ಸಾಗಿಸುವವನಿಗೆ ಉಳಿದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಊರ ನಡುವೆ ಲಾರಿಗಳ ಹಾವಳಿ ತಪ್ಪಿದ್ದೂ ಒಳ್ಳೆಯದೇ. ಆದರೆ ಹಿಂದೆ ತಾನಾಗಿ ಎದುರಾಗುತ್ತಿದ್ದ ಅಂಗಡಿಯನ್ನು ಇಂದು ನೆನಪಿಟ್ಟುಕೊಂಡು, ಹೆದ್ದಾರಿಯಿಂದ ಇಳಿದು, ಹುಡುಕಿಕೊಂಡು ಹೋಗಬೇಕಾಗಿದೆ. ಹೆದ್ದಾರಿ ತೆರೆದ ಹೊಸದರಲ್ಲೇ ಚನ್ನಪಟ್ಟಣ, ಮದ್ದೂರುಗಳ ಹಳೆಯ ರಸ್ತೆಯ ವ್ಯಾಪಾರಿಗಳು ಗಿರಾಕಿಗಳು ಕಡಿಮೆಯಾದರೆಂದು ದೂರಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಅಂಗಡಿಗಳನ್ನು ನೋಡಲು ಪ್ರವಾಸ ಹೊರಡುವುದು ಶೋಕಿಯ ಮಟ್ಟದಿಂದ ಮೇಲೇರಿ ಒಂದು ಕರ್ತವ್ಯದಂತೆ ನನಗೆ ತೋರತೊಡಗಿದ್ದು ಆ ಮೇಲೆಯೇ.

ಚನ್ನಪಟ್ಟಣದ ಬೊಂಬೆಯನ್ನು ಕಾಣದ ಕನ್ನಡಿಗನಿಲ್ಲ. ಅದು ಆಗುವುದನ್ನು ಕಂಡವರು ಕಡಿಮೆ. ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಈ ಬೊಂಬೆಗೆ ಬೇಕಾದ ಮರ ಆಲೆ ಮರ. ಹಾಲೆ, ಬೆಪ್ಪಾಲೆ ಎಂದೂ ಕರೆಯುತ್ತಾರೆ. ಗಾಯ ಮಾಡಿದರೆ ಹಾಲು ಒಸರುವ ಜಾತಿ. ಒಳಮರ ದಂತದ ಹಾಗೆ ಬೆಳ್ಳಗಿರುತ್ತದೆ, ಎಳೆ ನುಣುಪು, ಉಳಿಗೆ ಸಿಡಿಯದೆ ಬಾಗುತ್ತದೆ. ಕಡಿದು ತಂದ ತುಂಡುಗಳನ್ನು ತೇವ ಆರುವ ತನಕ ಒಣಗಲು ಬಿಡಬೇಕು. ಆತುರಪಟ್ಟರೆ ಕಡೆದ ಮೇಲೆ ಬಿರುಕು ಬಿಡುತ್ತದೆ. ಒಣಗಿದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಹಿಂದೆ ಕೈಯಿಂದ ತಿರುಗಿಸುತ್ತಿದ್ದರು, ಈಗ ಬಹುಮಟ್ಟಿಗೆ ವಿದ್ಯುತ್ತು. ತಿರುಗುವ ಮರಕ್ಕೆ ಉಳಿ ತಾಕಿದಾಗ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ, ಒಳಗಿನಿಂದ ಒಂದು ತಲೆಯೋ, ಗಾಲಿಯೋ, ಬುಗುರಿಯೋ ಮೂಡುತ್ತದೆ.

ಮುಂದಿನದೇ ಸೋಜಿಗ. ಬಣ್ಣ ಬೆರೆಸಿ ಕಡ್ಡಿಯಂತೆ ಮಾಡಿದ ಅರಗನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಒಲೆಯಿಲ್ಲ, ಕುಂಚವಿಲ್ಲ. ಉಜ್ಜಾಟದ ಕಾವಿಗೇ ಅರಗು ಕರಗಿ ಮರದ ಮೈಗೆ ತೆಳ್ಳಗೆ ಹರಡಿಕೊಳ್ಳುತ್ತದೆ. ಆ ಕೂಡಲೇ ಒಣಗಿದ ತಾಳೆಗರಿಯ ಮಡಿಕೆಯೊಂದನ್ನು ಅದರ ಮೇಲೆ ಒತ್ತಿ ಹಿಂದಕ್ಕೂ ಮುಂದಕ್ಕೂ ಸರಿಸಿದರೆ ಬಣ್ಣ ಸಮನಾಗಿ, ಕನ್ನಡಿಯಂಥ ಹೊಳಪು ಬರುತ್ತದೆ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡ, ಹೀಗೆ ಸಸ್ಯಮೂಲದ ಬಣ್ಣಗಳನ್ನು ಬಳಸುವವರಿದ್ದಾರೆ. ಮಗು ಬಾಯಿಗಿಟ್ಟುಕೊಂಡರೂ ಅಪಾಯವಿಲ್ಲವೆಂಬ ಹೆಸರು ಈ ಬೊಂಬೆಗೆ ಬಂದದ್ದು ಹೀಗೆ.

ಒಂದು ಮುಖ್ಯ ವಿಷಯವನ್ನು ಲಕ್ಷಿಸಬೇಕು. ಲೇತ್ ಯಂತ್ರಕ್ಕೆ ದುಂಡನೆಯ ಆಕಾರವೊಂದೇ ಗೊತ್ತು. ಆದುದರಿಂದ ಚನ್ನಪಟ್ಟಣದ ಕಸುಬುದಾರ ಜಗತ್ತನ್ನೆಲ್ಲ ದುಂಡಿನಲ್ಲಿ ಯೋಚಿಸುತ್ತಾನೆ. ಆನೆಯೆಂದರೆ ಒಂದು ದೊಡ್ಡ ಗುಂಡು, ಒಂದು ಸಣ್ಣ ಗುಂಡು, ನಾಲ್ಕು ಉರುಳೆ. ರಾಜನೆಂದರೆ ಒಂದು ಗೂಟದ ಮೇಲೆ ಒಂದು ಗೋಲಿ, ಅದರ ಮೇಲೊಂದು ಕಿರೀಟದ ಬಳೆ. ಗಿಲಕಿ, ಬುಗುರಿ, ಕುಂಕುಮದ ಭರಣಿ, ರೈಲು ಬಂಡಿ ಎಲ್ಲವೂ ಇದೇ ವ್ಯಾಕರಣಕ್ಕೆ ಒಳಪಟ್ಟ ವಾಕ್ಯಗಳು. ಭಾಷೆ ಕಲಿಸಿದವನಾದ್ದರಿಂದ ಹೀಗೆ ಹೇಳುತ್ತಿದ್ದೇನೆ. ಆದರೆ ಅಂಗಡಿಯ ಮುಂದೆ ನಿಂತಾಗ ಈ ಸೂತ್ರದಿಂದ ಪ್ರಯೋಜನವೂ ಉಂಟು. ಅದೇ ಕಪಾಟಿನಲ್ಲಿ ಅಚ್ಚಿಗೆ ಹುಯ್ದ ಪ್ಲಾಸ್ಟಿಕ್ ಆಟಿಕೆಗಳನ್ನೂ ಹೊರಗಿನಿಂದ ಬಂದ ಬಣ್ಣ ಬಳಿದ ಮರದ ಸಾಮಾನನ್ನೂ ಬೆರೆಸಿಟ್ಟಿರುವ ಅಂಗಡಿಗಳು ಅಲ್ಲಿ ಉಂಟು. ಕೈಗೆ ತೆಗೆದುಕೊಂಡು ನೋಡಿ: ಅಂಗಾಂಗಗಳು ದುಂಡಗಿವೆಯೇ, ಹೊಳಪು ಮರದ ಮೈಯದೇ ಎನ್ನುವಂತಿದೆಯೇ ಅಥವಾ ಮೇಲೆ ಹಚ್ಚಿದ ಪದರದಂತಿದೆಯೇ, ಬಣ್ಣದ ಪಟ್ಟಿಗಳ ಅಂಚು ತಿರುಗಣೆಯ ಗೆರೆಯಂತೆ ನೇರವಾಗಿ ಸುತ್ತಿಬಂದಿದೆಯೇ. ಕುಂಚ ಹಿಡಿದ ಕೈ ಅಷ್ಟು ನೇರವಾಗಿ ಸುತ್ತಲಾರದು.

ಈ ಕಲೆ ಇಲ್ಲಿಗೆ ಬಂದುದು ಹೇಗೆ? ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಜನಜನಿತವಾದ ಕಥೆ. ಬಾವಾಸ್ ಮಿಯಾ ಎಂಬುವರು ಜಪಾನಿನ ತಂತ್ರಗಳನ್ನು ಅಳವಡಿಸಿ ಸ್ಥಳೀಯರಿಗೆ ಕಲಿಸಿದರೆಂದು ಅವರನ್ನು ಈ ಬೊಂಬೆಗಳ ಪಿತಾಮಹರೆಂದು ಊರು ಗೌರವಿಸುತ್ತದೆ. ಚೀನಾದ ಅಗ್ಗದ ಆಟಿಕೆಗಳ ಪ್ರವಾಹದಲ್ಲಿ ಕೊಚ್ಚಿಹೋಗಲಿದ್ದ ಕಸುಬಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತು, ಹೊಸ ವಿನ್ಯಾಸಕಾರರ ಕಣ್ಣೂ ಬಿದ್ದು ಮರುಜೀವ ಬಂದಿದೆ. ಬೇರೆ ಬೇರೆ ರಾಜ್ಯಗಳ ಬೊಟೀಕುಗಳಲ್ಲಿ ಈಗ ಚನ್ನಪಟ್ಟಣದ ಗಿಲಕಿ ಅಂದವಾದ ಪೆಟ್ಟಿಗೆಯಲ್ಲಿ ಕುಳಿತು, ಅಂದಕ್ಕೆ ತಕ್ಕ ಬೆಲೆ ಹೇಳುತ್ತದೆ.

ಈ ಊರಿನಲ್ಲಿ ಕಾಣದಾದ ಇನ್ನೊಂದು ಅಂಗಡಿಯ ಬಗೆಗೆ ಹೇಳದಿದ್ದರೆ ನನ್ನ ಮಾತು ಅರೆಯಾದೀತು. ಟಿಪ್ಪು ಮಡಿದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ. ಹೊಲ, ನೇಗಿಲು, ಮಗ್ಗ, ಕುಲುಮೆ ಏನನ್ನೂ ಬಿಡದೆ ವಿಚಾರಿಸಿ ಬರೆದಿಟ್ಟ ಮನುಷ್ಯ. ಚನ್ನಪಟ್ಟಣದಲ್ಲಿ ಅವನು ಗುರುತಿಸಿದ ಕಸುಬುಗಳಲ್ಲಿ ಒಂದು, ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯ ತಯಾರಿಕೆ. ಈ ತಂತಿಗೆ ದೂರದೂರದ ಸೀಮೆಗಳಿಂದಲೂ ಬೇಡಿಕೆಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಸ್ ಸಾಹೇಬರು ಮೈಸೂರು ಗೆಜೆಟಿಯರನ್ನು ಸಿದ್ಧಪಡಿಸಿದಾಗಲೂ ಈ ಊರಿನ ಹೆಸರಿನೊಡನೆ ಬೊಂಬೆ, ತಂತಿ, ಗಾಜಿನ ಬಳೆ ಮೂರೂ ಇದ್ದವು.

ಯೋಚಿಸಿ ನೋಡಿ. ವೀಣೆಯ ತಂತಿ ಎಳೆಯುವುದು ಸಾಮಾನ್ಯ ಕಮ್ಮಾರಿಕೆಯಲ್ಲ. ಉಕ್ಕು ತೀರ ಗಡುಸಾದರೆ ಬಿಗಿಯುವಾಗ ತುಂಡಾಗುತ್ತದೆ. ಮೆದುವಾದರೆ ಜಗ್ಗಿ ಶ್ರುತಿ ಇಳಿಯುತ್ತದೆ. ದಪ್ಪದಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಸ್ವರ ನಿಲ್ಲದು. ಇದನ್ನೆಲ್ಲ ಬಲ್ಲ ಕೈಗಳು ಈ ಊರಿನಲ್ಲಿದ್ದವು. ಯಂತ್ರದಲ್ಲಿ ಎಳೆದ ತಂತಿ ಹಡಗೇರಿ ಬರತೊಡಗಿದ ಮೇಲೆ ಆ ಕೈಗಳಿಗೆ ಕೆಲಸವಿಲ್ಲವಾಯಿತು. ಇಂದು ಚನ್ನಪಟ್ಟಣದಲ್ಲಿ ವೀಣೆಯ ತಂತಿ ಕೇಳಿದರೆ ಪಿಳಿಪಿಳಿ ನೋಡುತ್ತಾರೆ. ನಾನು ಕೇಳಿದ್ದೇನೆ. ಲೇತಿನ ಮುಂದೆ ಕುಳಿತಿದ್ದ, ನನಗಿಂತ ಹಿರಿಯರೆಂದು ತೋರಿದ ಒಬ್ಬರು, "ತಂತಿಯಾ? ನಮ್ಮ ತಾತನ ಕಾಲದಲ್ಲೂ ಕೇಳಿಲ್ಲ ಸ್ವಾಮಿ" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಹುಡುಗ ಬಿಡದಿ ಕಾರ್ಖಾನೆಗೆ ಹೋಗ್ತಾನೆ. ತಿಂಗಳ ಸಂಬಳ. ಇದಕ್ಕೆ ಬಾ ಅಂದ್ರೆ ಬರೋದಿಲ್ಲ" ಎಂದು ತಾವಾಗಿಯೇ ಹೇಳಿದರು. ಆ ಎರಡು ಮಾತುಗಳ ನಡುವಣ ಸಂಬಂಧವನ್ನು ಅವರು ಬಿಡಿಸಿ ಹೇಳಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಬರಹದಲ್ಲಿ ಉಳಿಯದ ವಿದ್ಯೆ ಕೈಯಿಂದ ಕೈಗೆ ದಾಟಬೇಕು. ಒಂದು ತಲೆಮಾರು ಕೈ ಚಾಚದಿದ್ದರೆ ಬುಕಾನನನಂಥ ಪರದೇಶಿಯ ದಿನಚರಿಯಲ್ಲಿ ನಾಲ್ಕು ಸಾಲು ಉಳಿದೀತು, ಅಷ್ಟೆ.

ಮದ್ದೂರಿನದು ಲಘುವಾದ ಪ್ರಸಂಗ. ಮದ್ದೂರಿನ ವಡೆ ರೈಲಿನ ಕೂಸು. ಸುಮಾರು 1917ರಲ್ಲಿ ರಾಮಚಂದ್ರ ಬುಧ್ಯ ಎಂಬುವರು ನಿಲ್ದಾಣದಲ್ಲಿ ಸಸ್ಯಾಹಾರಿ ಉಪಾಹಾರ ಗೃಹ ನಡೆಸುತ್ತಿದ್ದಾಗ, ಒಂದು ದಿನ ರೈಲು ಹೊತ್ತಿಗೆ ಮುಂಚೆ ಬಂದುಬಿಟ್ಟಿತಂತೆ. ಪಕೋಡದ ಹಿಟ್ಟನ್ನು ಅವಸರದಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದೇ ಮದ್ದೂರು ವಡೆಯಾಯಿತಂತೆ. ಈ 'ಅಂತೆ'ಗಳ ಹೊರೆಯನ್ನು ನಾನು ಹೊರಲಾರೆ. ಆದರೆ ವಡೆಯ ರಚನೆಯೇ ಆ ಕಥೆಗೆ ಒಂದಿಷ್ಟು ಸಾಕ್ಷಿ ನುಡಿಯುತ್ತದೆ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ, ಕರಿಬೇವು. ಉದ್ದಿನ ವಡೆಯಂತೆ ನೆನೆಸುವ, ರುಬ್ಬುವ ರಗಳೆಯಿಲ್ಲ. ಚಪ್ಪಟೆಯಾದ್ದರಿಂದ ಬೇಗ ಬೇಯುತ್ತದೆ. ಚಟ್ನಿ ಸಾಂಬಾರುಗಳ ಹಂಗಿಲ್ಲದೆ ಕೈಯಲ್ಲಿ ಹಿಡಿದು ತಿನ್ನಬಹುದು. ಪ್ರಯಾಣಿಕನ ಅವಸರವನ್ನು ಅಳತೆ ಹಿಡಿದು ಮಾಡಿದ ತಿಂಡಿ ಇದು. ಈಗ ಅದೇ ಪ್ರಯಾಣಿಕನ ಅವಸರ ಇನ್ನಷ್ಟು ಹೆಚ್ಚಿ, ಆತ ಮದ್ದೂರಿಗೇ ಬರದೆ ಹೊರಗಿನಿಂದ ದಾಟಿಹೋಗುತ್ತಿದ್ದಾನೆ. ರೈಲಿನಲ್ಲಿ ಹೋಗುವವನಿಗೆ ಮಾತ್ರ ಬುಟ್ಟಿ ಹೊತ್ತ ಮಾರಾಟಗಾರರ ರಾಗ ಇಂದಿಗೂ ಕೇಳುತ್ತದೆ.

ಮೈಸೂರಿಗೆ ಬರೋಣ. ಅರಮನೆ ನೋಡಿ ಮುಗಿಸಿದ ಪ್ರವಾಸಿ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಗೆ ಬರಲೇಬೇಕು. ನೂರು ವರ್ಷ ಮೀರಿದ ಕಟ್ಟಡ. 2016ರಲ್ಲಿ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ಉಳಿಸಿ ದುರಸ್ತಿ ಮಾಡಬೇಕೋ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಲ್ಲಿಯ ಹೂವಿನ ಸಾಲು, ವೀಳೆಯದ ಸಾಲು, ಬಾಳೆಹಣ್ಣಿನ ಸಾಲು, ಗೋಪುರದಂತೆ ಪೇರಿಸಿದ ಕುಂಕುಮ ಹಾಗೂ ರಂಗೋಲಿ ಪುಡಿಗಳನ್ನು ಎಲ್ಲರೂ ಚಿತ್ರ ತೆಗೆದುಕೊಳ್ಳುತ್ತಾರೆ. ಮಗ್ಗುಲಲ್ಲೇ ಗುರು ಸ್ವೀಟ್ಸ್. ಮೈಸೂರು ಪಾಕನ್ನು ಮೊದಲು ಮಾಡಿದರೆಂದು ಪ್ರತೀತಿಯಿರುವ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶಸ್ಥರದು. ಅಲ್ಲಿ ಯಾವಾಗಲೂ ಗಿರಾಕಿಗಳ ಗುಂಪಿರುತ್ತದೆ. ಹೀಗಾಗಿ ನನ್ನ ಶಿಫಾರಸು ಅದಕ್ಕೆ ಬೇಕಿಲ್ಲ.

ನಾನು ತಮ್ಮ ಗಮನ ಸೆಳೆಯಬಯಸುವುದು ಹಳೆಯ ಊರುಗಳಲ್ಲೆಲ್ಲ ಕಾಣುವ ಗ್ರಂಥಿಗೆ ಅಂಗಡಿಯ ಕಡೆಗೆ. ಹೆಸರು ಕೇಳಿ ಗ್ರಂಥ ಮಾರುವ ಅಂಗಡಿಯೆಂದು ಒಳಹೊಕ್ಕವರುಂಟು. ಗ್ರಂಥಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಗಂಧ ಮಾರುವವನನ್ನು ಸಂಸ್ಕೃತದಲ್ಲಿ ಗಾಂಧಿಕ ಎನ್ನುತ್ತಾರೆ, ನಮ್ಮಲ್ಲಿ ಗಂಧಿಗ. ಜನರ ನಾಲಗೆಯಲ್ಲಿ ಅದೇ ಗಂದಿಗೆ, ಗ್ರಂದಿಗೆಯಾಗಿ, ಕೊನೆಗೆ ಯಾರೋ ಪಂಡಿತರು ತಿದ್ದಿ ಗ್ರಂಥಿಗೆ ಮಾಡಿರಬೇಕೆಂದು ನನ್ನ ಎಣಿಕೆ. ಮಹಾತ್ಮರ ಮನೆತನದ ಹೆಸರಿನ ಮೂಲವೂ ಈ ವ್ಯಾಪಾರವೇ. ಅಂಗಡಿಯೊಳಗೆ ನೂರಾರು ಡಬ್ಬಗಳು, ಗೋಣಿಚೀಲಗಳು: ಲಾವಂಚ, ಕಚೋರ, ಬಜೆ, ಅಳಲೆಕಾಯಿ, ತಾರೆಕಾಯಿ, ಅಂಟುವಾಳ, ಹಿಪ್ಪಲಿ, ಲೋಬಾನ, ಹೋಮದ ಸಮಿತ್ತು, ಮಗುವಿನ ನಾಮಕರಣದಿಂದ ಹಿಡಿದು ಉತ್ತರಕ್ರಿಯೆಯ ವರೆಗಿನ ಸಕಲ ಸಾಮಗ್ರಿ. ಎಷ್ಟೋ ಡಬ್ಬಗಳ ಮೇಲೆ ಚೀಟಿ ಇರುವುದಿಲ್ಲ. ಬಾಣಂತಿ ಮನೆಯಲ್ಲಿದ್ದಾಳೆ ಎಂದು ಒಂದು ಮಾತು ಹೇಳಿದರೆ ಸಾಕು, ಅಂಗಡಿಯವನ ಕೈ ಹತ್ತು ಡಬ್ಬಗಳಿಗೆ ತಾನಾಗಿ ಹೋಗಿ ಪೊಟ್ಟಣ ಕಟ್ಟುತ್ತದೆ. ಆರಂಭದಲ್ಲಿ ಹೇಳಿದ ಗ್ರೀಕ್ ಮೂಲವನ್ನು ಈಗ ನೆನೆಯಬಹುದು. ಉಗ್ರಾಣವೂ ಹೌದು, ಮದ್ದಿನಂಗಡಿಯೂ ಹೌದು. ಬೊಟೀಕ್ ಎಂಬ ಹೆಸರಿಗೆ ನ್ಯಾಯವಾದ ವಾರಸುದಾರ ಯಾರಾದರೂ ನಮ್ಮಲ್ಲಿದ್ದರೆ ಈ ಗ್ರಂಥಿಗೆ ಅಂಗಡಿಯವನೇ. ಹಲಗೆ ಬದಲಾಯಿಸಲು ಅವನಿಗೆ ಯಾರೂ ಹೇಳದಿರಲಿ!

ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡವೆಂಬುದೊಂದಿದೆ. ವೈಸ್‌ರಾಯ್ ಲ್ಯಾನ್ಸ್‌ಡೌನನ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ್ದು. ಅದರ ಕಮಾನುಗಳ ಕೆಳಗೆ ಹಳೆಯ ಪುಸ್ತಕದ ಅಂಗಡಿಗಳಿದ್ದವು. ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದೇ ರಾಶಿಗೆ ಕೈ ಹಾಕುತ್ತಿದ್ದ ಸ್ಥಳ. ಪಠ್ಯಪುಸ್ತಕದ ಕೆಳಗೆ ನಿಘಂಟು, ನಿಘಂಟಿನ ಕೆಳಗೆ ಯಾರೋ ಪ್ರೀತಿಯಿಂದ ಸಹಿ ಮಾಡಿಕೊಟ್ಟ ಕವಿತಾ ಸಂಗ್ರಹ. 2012ರಲ್ಲಿ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಅಲ್ಲಿಗೆ ಆ ಅಂಗಡಿಗಳ ಕಥೆಯೂ ಮುಗಿಯಿತು. ಅದೇ ವರ್ಷ ಮಂಗಳೂರಿನಲ್ಲಿ ಜಿ. ಎನ್. ಅಶೋಕವರ್ಧನರು 1975ರಿಂದ ನಡೆಸಿದ್ದ ಅತ್ರಿ ಬುಕ್ ಸೆಂಟರನ್ನು ತಾವೇ ಮುಚ್ಚಿದರು. ಅದಕ್ಕೂ ಮುನ್ನ, 2009ರಲ್ಲಿ, ಬೆಂಗಳೂರಿನ ಪ್ರೀಮಿಯರ್ ಬುಕ್‌ಶಾಪು ಮುಚ್ಚಿತ್ತು. ನೆಲದಿಂದ ಸೂರಿನ ತನಕ ಪುಸ್ತಕಗಳ ಗೋಡೆ. ಒಬ್ಬರು ಬಂದರೆ ಒಬ್ಬರು ಹೊರಗೆ ನಿಲ್ಲಬೇಕಾದ ಇಕ್ಕಟ್ಟು. ಆದರೆ ಕೇಳಿದ ಪುಸ್ತಕ ಯಾವ ರಾಶಿಯ ಎಷ್ಟನೆಯ ಪದರದಲ್ಲಿದೆಯೆಂಬುದು ಮಾಲೀಕರಾದ ಟಿ. ಎಸ್. ಶಾನಭಾಗರಿಗೆ ಗೊತ್ತಿತ್ತು. 2021ರಲ್ಲಿ ಅವರೂ ತೀರಿಕೊಂಡರು. ದೊಡ್ಡ ಸಂಸ್ಥೆಯಲ್ಲಿ ಒಬ್ಬ ವ್ಯವಸ್ಥಾಪಕ ಹೋದರೆ ಇನ್ನೊಬ್ಬ ಬರುತ್ತಾನೆ. ತನ್ನತನದ ಅಂಗಡಿಯ ಬಲವೂ ದೌರ್ಬಲ್ಯವೂ ಒಂದೇ: ಅದು ಒಬ್ಬ ಮನುಷ್ಯನ ತಲೆಯೊಳಗೆ ಇರುತ್ತದೆ.

ಮೈಸೂರು ಹಾದಿಯ ಹೊರಗೂ ಇಂಥ ಊರುಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಗೋಕಾಕದ ಕರದಂಟು, ಧಾರವಾಡದ ಪೇಡೆ ಎಲ್ಲವೂ ತಮಗೆ ಪರಿಚಿತವೇ. ಬೀದರಿನಲ್ಲಿ ಬೆಳ್ಳಿಯ ಕುಸುರಿಯುಳ್ಳ ಪಾತ್ರೆಯನ್ನು ಕಪ್ಪಾಗಿಸಲು ಕೋಟೆಯ ಹಳೆಯ ಮಣ್ಣನ್ನೇ ಬಳಸುತ್ತಾರೆ. ಎರಕ ಹುಯ್ದ ಲೋಹವೆಲ್ಲ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವ ಆ ಗಳಿಗೆಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ನೋಡಬೇಕು. ಅಥಣಿಯ ಚಪ್ಪಲಿಯದು ಬೇರೆಯದೇ ಕಥೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಪಾದರಕ್ಷೆಯನ್ನು ಮಹಾರಾಷ್ಟ್ರದವರಂತೆ ಬೆಳಗಾವಿ ಸೀಮೆಯ ನಮ್ಮ ಅಥಣಿ, ನಿಪ್ಪಾಣಿಗಳವರೂ ಮಾಡುತ್ತಾರೆ. 2019ರ ಭೌಗೋಳಿಕ ಸೂಚಿಯಲ್ಲಿ ಎರಡು ರಾಜ್ಯಗಳ ಜಿಲ್ಲೆಗಳೂ ಸೇರಿವೆ. 2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಸಂಸ್ಥೆ ಇದನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಸ್ಫೂರ್ತಿ ಪಡೆದುದಾಗಿ ಒಪ್ಪಿಕೊಂಡಿತು. ಮಿಲಾನಿನ ಬೊಟೀಕಿಗೆ ಕಂಡ ಚೆಲುವು ಅಥಣಿಯ ರಸ್ತೆಯಲ್ಲಿ ಹಾದುಹೋಗುವ ನಮ್ಮ ಕಣ್ಣಿಗೆ ಕಾಣದಿದ್ದರೆ ಇಟಲಿಯವರನ್ನು ಬೈದು ಪ್ರಯೋಜನವೇನು?

ಇಂಥ ಅಂಗಡಿಗೆ ಹೋಗುವವರು ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರಬಾರದೆಂಬುದು ನನ್ನ ನಿಲುವು. ನೋಡಿದ್ದಕ್ಕೆ, ಕೇಳಿದ್ದಕ್ಕೆ, ಚಿತ್ರ ತೆಗೆದುಕೊಂಡದ್ದಕ್ಕೆ ಒಂದು ಬುಗುರಿಯನ್ನಾದರೂ ಕೊಳ್ಳಬೇಕು. ಚೌಕಾಶಿ ನಮ್ಮ ಜನರ ಜನ್ಮಸಿದ್ಧ ಹಕ್ಕು. ಅದನ್ನು ಬಿಡಿರೆಂದರೆ ಯಾರೂ ಕೇಳುವುದಿಲ್ಲ. ಆದರೆ ತಯಾರಿಸಿದವನೇ ಮಾರುತ್ತಿರುವಾಗ ಅವನ ದಿನದ ದುಡಿಮೆಯನ್ನು ಕುರಿತು ಚೌಕಾಶಿ ಮಾಡುತ್ತಿದ್ದೇವೆಂಬುದು ನೆನಪಿರಲಿ. "ಇದನ್ನು ಮಾಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?" ಎಂದು ಮೊದಲು ಕೇಳಿ, ಆಮೇಲೆ ಬೆಲೆ ಕೇಳಿ. ಉತ್ತರ ಬಂದ ಮೇಲೆ ಚೌಕಾಶಿಯ ನಾಲಗೆ ತಾನಾಗಿ ಹಿಂದೆಗೆಯುವುದನ್ನು ನನ್ನ ಮನೆಯಾಕೆಯ ಜೊತೆಯಲ್ಲಿ ಹಲವು ಸಲ ಕಂಡಿದ್ದೇನೆ. ಬೊಂಬೆಯೊಂದರ ಗಾಲಿ ಮುರಿದರೆ ಎಸೆಯದೆ ಮತ್ತೆ ಹೋದಾಗ ಕೊಂಡೊಯ್ದರೆ, ಬೇರೆ ಗಾಲಿ ಕಡೆದು ಹಾಕಿಕೊಡುವವರೂ ಅಲ್ಲಿ ಸಿಗುತ್ತಾರೆ. ಊರಾಚೆಯ ದೊಡ್ಡ ಮಳಿಗೆಯಲ್ಲಿ ಈ ಸೌಲಭ್ಯವಿಲ್ಲ.

ಉಲ್ಲಾಳ, ಕೆಂಗೇರಿ, ವಿಜಯನಗರ, ರಾಜಾಜಿನಗರಗಳ ಕಡೆಯಿಂದ ಹೊರಡುವವರಿಗೆ ಕಾರು ಬೇಕಿಲ್ಲ. ಕೆಂಗೇರಿ ನಿಲ್ದಾಣದಲ್ಲಿ ಮೈಸೂರಿನ ಕಡೆಗೆ ಹೋಗುವ, ಸಣ್ಣ ಊರುಗಳಲ್ಲೂ ನಿ­ಲ್ಲುವ ಗಾಡಿ ಹತ್ತಿ ಚನ್ನಪಟ್ಟಣದಲ್ಲಿ ಇಳಿದರಾಯಿತು. ಹೆದ್ದಾರಿ ಊರನ್ನು ಬಿಟ್ಟರೂ ರೈಲು ಬಿಟ್ಟಿಲ್ಲ. ಮುಖ್ಯ ರಸ್ತೆಯ ಅಂಗಡಿಗಳಲ್ಲಿ ಬೊಂಬೆಗಳ ಸಾಲು ಮಾತ್ರ ಕಾಣುತ್ತದೆ. ಕಡೆಯುವುದನ್ನು ನೋಡಬೇಕಾದರೆ ಒಳಗಿನ ಬೀದಿಗಳಿಗೆ ಹೋಗಿ ಲೇತಿನ ಸದ್ದು ಬರುವ ಬಾಗಿಲನ್ನು ತಟ್ಟಬೇಕು. ಬೆಳಗಿನ ಹೊತ್ತು ಲೇಸು. ಮಧ್ಯಾಹ್ನ ವಿದ್ಯುತ್ತು ಹೋದರೆ ಲೇತು ನಿಲ್ಲುತ್ತದೆ. ಕಸುಬುದಾರರಲ್ಲಿ ಮುಸಲ್ಮಾನರು ಬಹಳ ಮಂದಿ ಇರುವುದರಿಂದ ಶುಕ್ರವಾರ ಮಧ್ಯಾಹ್ನ ನಮಾಜಿನ ವೇಳೆಯನ್ನು ಬಿಟ್ಟು ಹೋಗುವುದು ಒಳ್ಳೆಯದು. ಮಕ್ಕಳನ್ನು ಕರೆದೊಯ್ದರೆ ಮರದ ಸುರುಳಿ ಸಿಪ್ಪೆಯನ್ನು ಜೇಬಿಗೆ ತುಂಬಿಕೊಳ್ಳಲು ಯಾರೂ ಬೇಡವೆನ್ನುವುದಿಲ್ಲ.